ಟೀಚರ್ ತಿದ್ದಿದ ದನಿ

ಕೆ.ಆರ್. ಪುರಂ ಕಡೆಯ ಒಂದು ಕಾಲೇಜಿನವರು, ರೇಡಿಯೊ ಕಾರ್ಯಕ್ರಮ ಮಾಡುವುದು ಹೇಗೆಂದು ನಮ್ಮ ಮಕ್ಕಳಿಗೆ ಸ್ವಲ್ಪ ಹೇಳಿಕೊಡಿ ಎಂದು ಕರೆದಿದ್ದರು. ಅದಕ್ಕಾಗಿ ಅಟ್ಟದ ಮೇಲಿದ್ದ ರೆಕಾರ್ಡರಿನ ಚೀಲ ಇಳಿಸಿದೆ. ಜಿಪ್ಪು ಎಳೆದ ಕೂಡಲೇ ಲವಂಗದ ವಾಸನೆ ಬಂತು. ಮೈಕಿಗೆ ಹಾಕುವ ಸ್ಪಂಜಿನ ಟೋಪಿ ಚೀಲದ ಮೂಲೆಯಲ್ಲಿ ಮುದುಡಿಕೊಂಡಿತ್ತು. ಕೈಗೆತ್ತಿಕೊಂಡರೆ ಕರಿ ಪುಡಿಯಾಗಿ ಬೆರಳಿಗೆ ಅಂಟಿತು. ಸ್ಪಂಜು ಸತ್ತಿದೆ, ಲವಂಗ ಸತ್ತಿಲ್ಲ... ಆ ಚೀಲ ಟೀಚರ್ ಕೊಟ್ಟದ್ದು. ಮಾತಾಡುವಾಗಲೂ ಮಾತಾಡಿಸುವಾಗಲೂ ಅವರ ಬಾಯಲ್ಲಿ ಒಂದು ಲವಂಗ ಇದ್ದೇ ಇರುತ್ತಿತ್ತು.

ಟೀಚರ್ ಬೆನ್ಸನ್ ಟೌನಿನ ಒಂದು ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಮನೆ ಹಲಸೂರಿನ ಸಂದಿಯಲ್ಲಿ. ಮೆಟ್ಟಿಲು ಹತ್ತಿ ಹೋದರೆ ಒಂದೇ ಉದ್ದನೆಯ ಕೋಣೆ, ಗೋಡೆಯ ಮೇಲೆ ಬುದ್ಧನ ಪಟ, ಕಿಟಕಿಯಾಚೆ ತಮಿಳು ಹಾಡು, ಆಟೋ ಹಾರನ್ನು. ಆ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ನಾವು ಏಳೆಂಟು ಜನ ಸೇರುತ್ತಿದ್ದೆವು. ಒಂದು ಸಮುದಾಯ ರೇಡಿಯೊದವರು ನಮ್ಮಂಥ ಹವ್ಯಾಸಿಗಳಿಗೆ ವಾರಕ್ಕೆ ಅರ್ಧ ಗಂಟೆ ಬಿಟ್ಟುಕೊಟ್ಟಿದ್ದರು. ಮಾಡಿದ ಕಾರ್ಯಕ್ರಮವನ್ನು ಅಲ್ಲಿಗೆ ಕಳಿಸುವ ಮೊದಲು ಒಬ್ಬರದನ್ನು ಒಬ್ಬರು ಕೇಳಿ ತಿದ್ದಬೇಕು ಎಂಬುದು ಟೀಚರ ಏರ್ಪಾಡು. ನಾನು ಗದಗಿನವನು. ಜೀವನ್ ಬಿಮಾ ನಗರದಲ್ಲಿ ಬಾಡಿಗೆ ಮನೆ, ಆಫೀಸು ಬಿಟ್ಟರೆ ಬೇರೆ ಲೋಕ ಇರಲಿಲ್ಲ. ಈ ಊರಲ್ಲಿ ನನಗೆ ಕೂತು ಮಾತಾಡುವ ಜಾಗ ಸಿಕ್ಕಿದ್ದು ಅದೊಂದೇ.

ಆ ಕೋಣೆಗೆ ಎರಡು ನಿಯಮಗಳಿದ್ದವು. ಕಾರ್ಯಕ್ರಮ ಮಾಡಿದವರು ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕು. ಕೇಳುವವರಿಗೆ ಎಲ್ಲಿ ಮನಸ್ಸು ಜಾರುತ್ತದೋ ಅಲ್ಲಿ ಸುಮ್ಮನೆ ಕೈ ಎತ್ತಬೇಕು. ಕಾರಣ ಆಮೇಲೆ. ಇನ್ನೊಂದು ನಿಯಮ ಸ್ವಲ್ಪ ಕಟುವಾದದ್ದು. ತಿದ್ದಿ ಹೊಸದಾಗಿ ಮಾಡಿ ತಂದವರು ಅದನ್ನು ಕೇಳಿಸುವ ಮೊದಲು ಹಳೆಯದನ್ನು ಎಲ್ಲರೆದುರು ಅಳಿಸಬೇಕು. "ಹೆತ್ತೋರಿಗೆ ಹೆಗ್ಗಣ ಮುದ್ದು. ಹಳೇದು ಕೈಲಿದ್ರೆ ಅದನ್ನೇ ಮುದ್ದಾಡ್ಕೊಂಡು ಕೂತಿರ್ತೀರಿ. ಸ್ಲೇಟು ಒರೆಸಿದ್ಮೇಲೇ ಮುಂದಿನ ಲೆಕ್ಕ," ಎನ್ನುತ್ತಿದ್ದರು ಟೀಚರ್.

ಈಗ ಆ ನಿಯಮವನ್ನು ಬೈಯುವುದು ಸುಲಭ. ಆದರೆ ನಮ್ಮನ್ನೆಲ್ಲ ಮನುಷ್ಯರನ್ನಾಗಿ ಮಾಡಿದ್ದೂ ಅದೇ. ನಾನು ಮೊದಲು ಮಾಡಿದ್ದು ಹಲಸೂರು ಮಾರ್ಕೆಟ್ಟಿನಲ್ಲಿ ಹೂ ಕಟ್ಟುವ ಒಬ್ಬ ಅಜ್ಜಿಯ ಬಗ್ಗೆ. ಅಜ್ಜಿಯ ಮಾತಿನ ಕೆಳಗೆ ಉದ್ದಕ್ಕೂ ವೀಣೆ ಹಾಕಿದ್ದೆ, ನಡುನಡುವೆ ನನ್ನದೊಂದಿಷ್ಟು ಕಾವ್ಯ. ಕೋಣೆಯಲ್ಲಿದ್ದ ಎಲ್ಲರ ಕೈಯೂ ಮೇಲಿತ್ತು. ಸರ್ಕಸ್ಸಿಗೆ ಬಂದ ಮಕ್ಕಳು ಹಾಗೆ ಕೈ ಎತ್ತುತ್ತಾರೆ. ನನಗೆ ನಖಶಿಖಾಂತ ಉರಿಯಿತು. ಟೀಚರ್ ತಣ್ಣಗೆ ಕೇಳಿದರು, "ಯಾಕ್ರೀ, ಆ ಅಜ್ಜಿ ಮಾತಿನ ಮೇಲೆ ನಿಮಗೆ ನಂಬಿಕೆ ಇಲ್ವಾ? ಇದ್ದಿದ್ರೆ ವೀಣೆ ಯಾಕೆ ಬೇಕಿತ್ತು?" ಇನ್ನು ಇವರ ಮನೆ ಮೆಟ್ಟಿಲು ತುಳಿಯುವುದಿಲ್ಲ ಎಂದುಕೊಂಡು ಇಳಿದವನು ಮುಂದಿನ ಭಾನುವಾರವೇ ಅಳಿಸಿ, ಹೊಸದು ತೆಗೆದುಕೊಂಡು ಹೋಗಿದ್ದೆ. ಅಜ್ಜಿಯ ಉಸಿರು, ದಾರ ಎಳೆಯುವ ಸದ್ದು, ಅಷ್ಟೇ. ಅದು ಪ್ರಸಾರವಾದ ದಿನ ಅಜ್ಜಿ ನನಗೆ ಒಂದು ಮೊಳ ಕನಕಾಂಬರ ಕೊಟ್ಟಿದ್ದರು. ಮದುವೆಯಾಗದ ಗಂಡಸು ನಾನು, ಅದನ್ನು ಹಿಡಿದುಕೊಂಡು ಬಸ್ಸು ಹತ್ತಿದ್ದೆ.

ಟೀಚರ ಯಜಮಾನರು ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ನಾವೆಲ್ಲ ಕಂಡಕ್ಟರ್ ಸಾರ್ ಎಂದೇ ಕರೆಯುತ್ತಿದ್ದೆವು. ಶಿವಾಜಿನಗರದಿಂದ ಕೆ.ಆರ್. ಪುರಂಗೆ ಹೋಗುವ ಬಸ್ಸಿನಲ್ಲೇ ಅವರ ಮುಕ್ಕಾಲು ಸರ್ವಿಸು ಕಳೆದಿತ್ತು. ಭಾನುವಾರ ನಮಗೆ ಟೀ ತಂದುಕೊಟ್ಟು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಎಲ್ಲ ಕೇಳುತ್ತಿದ್ದರು. ಕೈ ಎತ್ತಿದವರಲ್ಲ. ಎಲ್ಲರದ್ದೂ ಅವರಿಗೆ ಚೆನ್ನಾಗಿಯೇ ಇರುತ್ತಿತ್ತು. ಟೀಚರಿಗೆ ಇದರಿಂದ ಕೋಪ. "ಇವರಿಗೆ ಟಿಕೆಟ್ ಇಲ್ದೋರನ್ನೂ ಇಳಿಸಿ ಗೊತ್ತಿಲ್ಲ," ಎಂದು ನಮ್ಮೆದುರೇ ಕಿಚಾಯಿಸುತ್ತಿದ್ದರು. ಅವರು ಗೊರಗೊರ ನಗುತ್ತಿದ್ದರು. ಆ ಗೊರಗೊರ ವಯಸ್ಸಿನದ್ದು ಎಂದುಕೊಂಡಿದ್ದೆವು... ಆಗಿರಲಿಲ್ಲ. ಗಂಟಲಲ್ಲಿ ಗಂಟು ಬೆಳೆದಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಇಲ್ಲದಿದ್ದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದರು. ಆಪರೇಷನ್ನಿಗೆ ಇನ್ನು ಕೆಲವೇ ವಾರ.

ಆ ಭಾನುವಾರ ಟೀಚರ್ ಅಳಲಿಲ್ಲ. ಪಾಠ ಶುರು ಮಾಡುವವರ ಹಾಗೆ ನೆಟ್ಟಗೆ ಕೂತು ಹೇಳಿದರು, "ಇನ್ಮೇಲೆ ಈ ಮನೇಲಿ ಇವರ ದನಿ ಇರಲ್ಲ. ರೆಕಾರ್ಡಲ್ಲಾದ್ರೂ ಇರ್ಲಿ. ನಾನು ಮಾಡ್ತೀನಿ. ನೀವೆಲ್ಲ ಕೇಳಿ ತಿದ್ದಿ, ದಾಕ್ಷಿಣ್ಯ ಬೇಡ."

ಮೊದಲನೆಯದನ್ನು ಅವರು ಅಡುಗೆಮನೆಯಲ್ಲೇ ರೆಕಾರ್ಡ್ ಮಾಡಿದ್ದರು. ಕಂಡಕ್ಟರ್ ಸಾರ್ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಕೂಗುತ್ತಿದ್ದುದನ್ನು ಒಲೆಯ ಪಕ್ಕ ನಿಂತು ಕೂಗಿದ್ದರು. "ಹಲ್ಸೂರ್, ಇಂದ್ರಾನಗರ್, ಕೆಆರ್‌ಪುರಂ ಕೆಆರ್‌ಪುರಂ! ಒಳಗ್ ಹೋಗ್ರೀ ಒಳಗೆ! ಉಳ್ಳ ಪೋಮ್ಮಾ! ಚಲೋ ಭಾಯ್, ಅಂದರ್ ಚಲೋ! ರೈಟ್, ರೈಟ್!" ನಡುವೆ ಕುಕ್ಕರ್ ಕೂಗಿತು. "ನೋಡೇ, ಡ್ರೈವರ್ ಹಾರನ್ ಹೊಡೀತಾವ್ನೆ," ಎಂದು ನಕ್ಕರು, ಟೀಚರೂ ನಕ್ಕರು, ನಗು ಕೆಮ್ಮಾಯಿತು, ಕೆಮ್ಮು ಮುಗಿದ ಮೇಲೆ ಮತ್ತೆ "ರೈಟ್!"

ನಾವು ನಮಗೆ ಟೀಚರ್ ಕಲಿಸಿದ್ದನ್ನೇ ಮಾಡಿದೆವು. ಶಿವಾಜಿನಗರದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಭಾಯ್ ಒಬ್ಬರು ನಮ್ಮ ಗುಂಪಿನಲ್ಲಿದ್ದರು. "ಕುಕ್ಕರ್ ಕೂಗ್ತಲ್ಲಾ ಮೇಡಂ, ನಮ್ ಕಿವಿ ಅಲ್ಲಿಗೇ ಹೋಗ್ಬಿಡ್ತು," ಎಂದರು. ಇನ್ನೊಬ್ಬರು ಟೀಚರ ನಗು ಅಡ್ಡ ಬರುತ್ತದೆ ಎಂದರು. ಕೆಮ್ಮಿಗೆ ಹಲವು ಕೈಗಳು ಎದ್ದಿದ್ದವು. ಒಂದೂ ಸುಳ್ಳಲ್ಲ. ಆಡಿಯೊ ಕೆಲಸದ ಕಣ್ಣಲ್ಲಿ ನೋಡಿದರೆ ಎಲ್ಲವೂ ಸರಿಯಾದ ಮಾತು. ಟೀಚರ್ ತಲೆಯಾಡಿಸಿ ಒಪ್ಪಿಕೊಂಡರು.

ಮುಂದಿನ ವಾರ ಹೊಸದು ತಂದರು. ಹೊರಗಿನ ಸದ್ದು ಬರದಂತೆ ಮಂಚಕ್ಕೆ ಕಂಬಳಿ ಇಳಿಬಿಟ್ಟು, ಅದರೊಳಗೆ ಯಜಮಾನರನ್ನು ಕೂರಿಸಿ ಮಾಡಿದ್ದರಂತೆ. ರೆಕಾರ್ಡರ್ ಕೈಗೆ ತೆಗೆದುಕೊಂಡು ಹಳೆಯದನ್ನು ಅಳಿಸಲು ಹೊರಟಾಗ ಭಾಯ್ ತಡೆದರು. "ಇದೊಂದ್ ಇರ್ಲಿ ಬಿಡಿ ಮೇಡಂ."

"ನಿಮಗೊಂದು ನ್ಯಾಯ, ನನಗೊಂದು ನ್ಯಾಯಾನಾ ಭಾಯ್?"

ಹಾಗೆಂದು ಗುಂಡಿ ಒತ್ತಿದರು. ಬಾಗಿಲ ಬಳಿ ಕಂಡಕ್ಟರ್ ಸಾರ್ ಟೀ ಲೋಟಗಳನ್ನು ತಟ್ಟೆಗೆ ಜೋಡಿಸುತ್ತಿದ್ದರು. ಬೇರೆ ಯಾರದೋ ಗಂಡನ ದನಿಯಾಗಿದ್ದರೆ ಟೀಚರೇ ಎದ್ದುಬಂದು ರೆಕಾರ್ಡರ್ ಕಿತ್ತುಕೊಳ್ಳುತ್ತಿದ್ದರು. ಅದು ನನಗೆ ಖಂಡಿತವಾಗಿ ಗೊತ್ತು. ತಮ್ಮದಕ್ಕೆ ಮಾತ್ರ ಅವರಿಗೆ ಕರುಣೆ ಇರಲಿಲ್ಲ. ಇಂಥ ಪ್ರಾಮಾಣಿಕತೆ ಯಾರಿಗೂ ಬೇಡ ಎಂದು ಈಗ ಅನಿಸುತ್ತದೆ.

ಎರಡನೆಯದರಲ್ಲಿ ಕುಕ್ಕರ್ ಇರಲಿಲ್ಲ, ಆದರೆ ಸಾರ್ ಓದಿ ಒಪ್ಪಿಸಿದ ಹಾಗಿತ್ತು. ಹಾಗೆಂದೆವು. ಅದೂ ಅಳಿಯಿತು. ಆಮೇಲಿನದರಲ್ಲಿ ದನಿ ಸಣ್ಣದಾಗಿತ್ತು. ಬಿಸಿನೀರು ಕುಡಿಸಿ, ಉಪ್ಪುನೀರಲ್ಲಿ ಗಾರ್ಗಲ್ ಮಾಡಿಸಿ ಮತ್ತೆ ಕೂರಿಸಿದರು. ವಾರದಿಂದ ವಾರಕ್ಕೆ ರೆಕಾರ್ಡಿಂಗ್ ಚೆನ್ನಾಗುತ್ತಾ ಹೋಯಿತು, ಮನುಷ್ಯನ ಗಂಟಲು ಕೆಡುತ್ತಾ ಹೋಯಿತು. ಒಂದು ರೇಸಿನಲ್ಲಿ ನಾವೆಲ್ಲ ತಪ್ಪು ಕುದುರೆಯನ್ನು ನೋಡುತ್ತಿದ್ದೆವು... ಕೊನೆಗೆ ಟೀಚರ್ ಲ್ಯಾಪ್‌ಟಾಪಿನಲ್ಲಿ ಕೂತು ಉಸಿರು ಕತ್ತರಿಸಿ, ಗೊರಗೊರ ತೆಗೆದು, ಸೊರಗಿದ ಜಾಗದಲ್ಲಿ ದನಿ ಏರಿಸಿ, ತುಂಡು ತುಂಡು ಪೋಣಿಸಿ ಒಂದನ್ನು ಮುಗಿಸಿದರು. ಅದನ್ನು ಕೇಳಿಸಿದ ದಿನ ಒಂದು ಕೈಯೂ ಮೇಲೇಳಲಿಲ್ಲ. ಆ ಕೋಣೆಯಲ್ಲಿ ಅಂಥದ್ದು ಅದಕ್ಕೆ ಮೊದಲು ಆಗಿರಲಿಲ್ಲ. ಚಪ್ಪಾಳೆ ಹೊಡೆದೆವು. ಟೀಚರ ಮುಖದಲ್ಲಿ ರ‍್ಯಾಂಕ್ ಬಂದ ಹುಡುಗಿಯ ನಗು.

ಆಪರೇಷನ್ ಆಯಿತು. ಜೀವ ಉಳಿಯಿತು. ಕಂಡಕ್ಟರ್ ಸಾರ್ ಚೇತರಿಸಿಕೊಂಡು ಮತ್ತೆ ಸ್ಟೂಲಿನ ಮೇಲೆ ಬಂದು ಕೂತ ಭಾನುವಾರ ಅವರ ಕುತ್ತಿಗೆಗೆ ಬಿಳಿ ಬಟ್ಟೆ ಇತ್ತು. ಕಾರ್ಯಕ್ರಮ ರೇಡಿಯೊಗೆ ಹೋಗುವುದಕ್ಕೆ ಮುಂಚೆ ಅವರಿಗೊಮ್ಮೆ ಕೇಳಿಸೋಣ ಎಂದರು ಟೀಚರ್. ನಾವೆಲ್ಲ ಖುಷಿಯಲ್ಲಿದ್ದೆವು. ಮನೆಯಲ್ಲಿ ಮತ್ತೆ ಆ ದನಿ ಕೇಳುತ್ತದಲ್ಲ!

"ಹಲಸೂರು..." ಎಂದು ಸ್ಪೀಕರ್ ಶುರು ಮಾಡಿತು. ಸಾರ್ ಕೈ ಎತ್ತಿದರು.

ನೀರು ಬೇಕೇನೋ ಎಂದು ಭಾಯ್ ಎದ್ದರು. ಅವರು ಬೇಡವೆಂದು ತಲೆಯಾಡಿಸಿದರು. ಟೀಚರ್ ನಿಲ್ಲಿಸಿ, ಮತ್ತೆ ಮೊದಲಿಂದ ಹಾಕಿದರು. ಮೊದಲ ಶಬ್ದಕ್ಕೇ ಮತ್ತೆ ಕೈ ಮೇಲೆ ಹೋಯಿತು. ಈ ಸಲ ಇಳಿಯಲೇ ಇಲ್ಲ. ಹಲಸೂರು ದಾಟಿತು, ಇಂದಿರಾನಗರ ದಾಟಿತು, ಕೆ.ಆರ್. ಪುರಂ ಬಂತು. ವರ್ಷಗಟ್ಟಲೆ ಬಸ್ಸಿನ ಕಂಬಿ ಹಿಡಿದ ಕೈ ಅದು, ಅಲುಗಾಡದೆ ನಿಂತಿತ್ತು. ಯಾರ ಕಾರ್ಯಕ್ರಮಕ್ಕೂ ಕೈ ಎತ್ತದಿದ್ದ ಮನುಷ್ಯ.

ಮುಗಿದ ಮೇಲೆ ಟೀಚರ್ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು, "ಏನ್ರೀ, ಇದು ನೀವಲ್ವಾ?"

ಅವರು ಅಲ್ಲವೆಂದು ತಲೆಯಾಡಿಸಿದರು. ಸಿಟ್ಟಿನಿಂದ ಅಲ್ಲ. ಬಸ್ಸು ಇಲ್ಲಿಗೆ ಹೋಗುತ್ತದಾ ಎಂದು ಕೇಳಿದವರಿಗೆ ಹೋಗಲ್ಲ ಎನ್ನುವಷ್ಟು ಸಹಜವಾಗಿ. ಆಮೇಲೆ ಎದ್ದು, ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದರು.

ಟೀಚರ್ ನಮ್ಮ ಕಡೆ ತಿರುಗಿ, "ಆ ಮೊದಲನೇದು... ಯಾರ ಹತ್ರನಾದ್ರೂ ಇದ್ಯಾ?" ಎಂದರು. ಯಾರ ಹತ್ತಿರ ಇರುತ್ತದೆ? ಅಳಿಸಿದ್ದನ್ನು ಎಲ್ಲರೂ ಕಣ್ಣಾರೆ ನೋಡಿದ್ದೆವು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಮರುದಿನ ಟೀಚರ್ ಮೆಮೊರಿ ಕಾರ್ಡ್ ಹಿಡಿದುಕೊಂಡು ಅಳಿಸಿಹೋದ ಡಾಟಾ ತೆಗೆದುಕೊಡುವ ಅಂಗಡಿಗಳಿಗೆ ಅಲೆಯತೊಡಗಿದರು. ಕೆಲವೊಮ್ಮೆ ನಾನೂ ಜೊತೆಗೆ ಹೋದೆ. ಅದರ ಮೇಲೆ ಮತ್ತೆ ಮತ್ತೆ ರೆಕಾರ್ಡ್ ಆಗಿದೆ, ಏನೂ ಸಿಗುವುದಿಲ್ಲ ಎಂದು ಎಲ್ಲರೂ ಹೇಳಿದರು. ಅಂಗಡಿಯಿಂದ ಹೊರಗೆ ಬಂದು ಫುಟ್‌ಪಾತಿನಲ್ಲಿ ನಿಂತು ಟೀಚರ್ ಒಮ್ಮೆ ಅಂದರು, "ನೆಂಟರ ಮದುವೆ ವಿಡಿಯೋದಲ್ಲಿ ಇವರು ಊಟ ಮಾಡಿ ಊಟ ಮಾಡಿ ಅಂದಿದ್ದಿದೆ. ಅದು ಇವರಲ್ಲ ಕಣ್ರೀ, ಅದು ಯಾರಾದ್ರೂ ಅಂತಾರೆ." ಸಮಾಧಾನ ಹೇಳಲು ಬಾಯಿ ತೆರೆದೆ. ಏನು ಹೇಳಿದೆನೋ ಈಗ ನೆನಪಿಲ್ಲ, ಉಪಯೋಗಕ್ಕೆ ಬರುವಂಥದ್ದೇನೂ ಆಗಿರಲಾರದು.

ಅಷ್ಟರಲ್ಲಿ ಪ್ರಸಾರದ ಸರದಿ ಬಂತು. ಕಾರ್ಯಕ್ರಮ ಹೋಯಿತು. ಜನ ಮೆಚ್ಚಿದರು. ಎಷ್ಟು ಸ್ಪಷ್ಟ, ಎಷ್ಟು ಅಚ್ಚುಕಟ್ಟು ಎಂದು ಫೋನ್ ಮಾಡಿದವರೇ ಮಾಡಿದವರು. ಟೀಚರ್ ಒಂದು ಕರೆಯನ್ನೂ ತೆಗೆಯಲಿಲ್ಲ. ಮೈಕು, ಸ್ಪಂಜಿನ ಟೋಪಿ, ಚೀಲ ಎಲ್ಲ ನನ್ನ ಕೈಗಿಟ್ಟು, "ನಿಮ್ಮ ಹತ್ರ ಇರ್ಲಿ," ಎಂದರು. ಭಾನುವಾರಗಳು ನಿಂತವು. ಹೋದಾಗಲೆಲ್ಲ ಅವರು ಅಡುಗೆಮನೆಯಲ್ಲಿರುತ್ತಿದ್ದರು, ಸಾರ್ ಸ್ಟೂಲಿನ ಮೇಲಿರುತ್ತಿದ್ದರು. ಟೀಚರ್ ಮಾತು ಕಡಿಮೆ ಮಾಡಿಬಿಟ್ಟಿದ್ದರು. ಆ ಮನೆಯಲ್ಲಿ ಮಾತಾಡಬಲ್ಲವರು ಅವರೊಬ್ಬರೇ, ಅವರೂ ಆಡುತ್ತಿರಲಿಲ್ಲ. ನಾನು ಹೋಗುವುದು ಕಡಿಮೆಯಾಯಿತು. ಒಂದು ದಿನ ಭಾಯ್ ಫೋನ್ ಮಾಡಿ, "ಮೇಡಂ ಹೋಗ್ಬಿಟ್ರು ಸಾರ್," ಎಂದರು. ಟೀಚರ ಹೃದಯ ನಿಂತಿತ್ತು. ಮೆಟ್ಟಿಲ ಕೆಳಗೆ ಜನರೆಲ್ಲ ಜೋರಾಗಿ ಅಳುತ್ತಿದ್ದರು. ಅವರ ನಡುವೆ ಸಾರ್ ಬಾಯಿ ತೆರೆದುಕೊಂಡು ಅಳುತ್ತಿದ್ದರು, ಸದ್ದಿರಲಿಲ್ಲ.

ನಿನ್ನೆ ಕಾಲೇಜಿಗೆ ಹೋಗಿದ್ದೆ. ಪಾಠಕ್ಕೆಂದು ಆ ರೇಡಿಯೊದವರಿಂದಲೇ ಕೆಲವು ಹಳೆಯ ಕಾರ್ಯಕ್ರಮಗಳನ್ನು ಅವರ ಮೇಷ್ಟ್ರು ತರಿಸಿಟ್ಟಿದ್ದರು. ಮೊದಲು ಹಾಕಿದ್ದೇ ಕಂಡಕ್ಟರ್ ಸಾರ್ ದನಿಯ ಆ ಕಾರ್ಯಕ್ರಮವನ್ನು. ಬೇಡ ಎನ್ನುವಷ್ಟರಲ್ಲಿ ಶುರುವಾಗಿಬಿಟ್ಟಿತ್ತು. ಮಕ್ಕಳು ಮೊಬೈಲ್ ಕೆಳಗಿಟ್ಟು ಕೇಳಿದರು. ಮುಗಿದ ಮೇಲೆ ಒಬ್ಬಳು ಹುಡುಗಿ ಕಣ್ಣರಳಿಸಿ ಕೇಳಿದಳು, "ಸಾರ್, ಅವರು ಇನ್ನೂ ಇದ್ದಾರಾ? ವಾಯ್ಸ್ ಸೂಪರ್ ಆಗಿದೆ ಸಾರ್. ನಾವು ಹೋಗಿ ಮಾತಾಡಿಸಬಹುದಾ?"

ಇದ್ದಾರೆ ಎಂದೆ. ಟೀ ಬ್ರೇಕ್ ಎಂದು ಎದ್ದುಬಿಟ್ಟೆ. ಹಲಸೂರಿನ ಹಾದಿಯಲ್ಲೇ ಬಸ್ಸಿನಲ್ಲಿ ವಾಪಸ್ ಬರುವಾಗ ಕಣ್ಣುಮುಚ್ಚಿ ಆ ಅಡುಗೆಮನೆಯ ದನಿಯನ್ನು ನೆನಪಿಸಿಕೊಳ್ಳಲು ನೋಡಿದೆ. ಮಾತುಗಳು ಬಂದವು. ಡ್ರೈವರ್ ಹಾರನ್ ಹೊಡೀತಾವ್ನೆ ಎಂದದ್ದೂ ಬಂತು. ಆದರೆ ಟೀಚರ್ ತಿದ್ದಿದ ಆ ಚೊಕ್ಕ ದನಿಯಲ್ಲೇ ಬಂತು. ಎಷ್ಟು ಸಲ ನೋಡಿದರೂ ಅದೇ ಬಂತು.