ನೀರು ಹೇಳುವ ಸ್ಕೆಬೊಂಗ್

ಸ್ಕೆಬೊಂಗ್ ಸೊಕ್ಕಿನ ಮನುಷ್ಯ. ಇದನ್ನು ಮೆತ್ತಗೆ ಮಾಡಿ ಹೇಳಿದರೆ ಯಾರಿಗೂ ಉಪಕಾರವಿಲ್ಲ. ಅರವತ್ತೆರಡು ವರ್ಷಗಳಲ್ಲಿ ಅವನ ಬಾಯಿಂದ ‘ನನ್ನದು ತಪ್ಪಾಯಿತು’ ಎಂಬ ಮಾತು ಹೊರಟದ್ದನ್ನು ಕೊರೋರ್ ಎಂಬ ಆ ದ್ವೀಪದ ಊರಿನಲ್ಲಿ ಯಾರೂ ಕೇಳಿರಲಿಲ್ಲ. ಅವನ ಹೆಂಡತಿ ಅದನ್ನು ಕೇಳದೆಯೇ ಸತ್ತಳು.

ಆ ಸೊಕ್ಕಿಗೆ ಆಧಾರವಿತ್ತು ಎಂಬುದೇ ತೊಂದರೆ. ಸಿಲಿಂಡರ್ ಕಟ್ಟಿಕೊಂಡು ಸಮುದ್ರದಾಳ ನೋಡಲು ಮುಳುಗುವವರನ್ನು ದೋಣಿಯಲ್ಲಿ ಹವಳದ ದಿಬ್ಬಗಳಿಗೆ ಕರೆದೊಯ್ಯುವ ಕೆಲಸವನ್ನು ಅವನು ಮೂವತ್ತು ವರ್ಷ ಮಾಡಿದ್ದ. ಉಳಿದ ದೋಣಿಯವರು ಉಬ್ಬರವಿಳಿತದ ಅಚ್ಚಾದ ಪಟ್ಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡಿರುತ್ತಿದ್ದರು. ಇವನು ಬೆಳಿಗ್ಗೆ ದೋಣಿಕಟ್ಟೆಯ ಮೇಲೆ ನಿಂತು, ಅಮಾವಾಸ್ಯೆ ಕಳೆದು ಎಷ್ಟು ದಿನವಾಯಿತೆಂದು ಬೆರಳಲ್ಲಿ ಎಣಿಸಿ, ಯಾವ ಹೊತ್ತಿಗೆ ಎಲ್ಲಿ ನೀರು ಎತ್ತ ಹರಿಯುತ್ತದೆಂದು ಹೇಳಿ, ಅಡಿಕೆಯ ಕೆಂಪು ಉಗುಳನ್ನು ಸಮುದ್ರಕ್ಕೆ ಉಗಿಯುತ್ತಿದ್ದ. ಅದು ಸರಿಯಾಗಿಯೇ ಇರುತ್ತಿತ್ತು.

ಎಲ್ಲಕ್ಕಿಂತ ಕಷ್ಟದ ಜಾಗವೆಂದರೆ ದೋಣಿಯವರು ‘ಮೂಲೆ’ ಎಂದು ಕರೆಯುವ ಕಡೆ. ಅಲ್ಲಿ ದಿಬ್ಬ ಮಡಚಿದ ಮೊಣಕಾಲಿನಂತೆ ಸಮುದ್ರದೊಳಕ್ಕೆ ಚಾಚಿ, ಆಚೆಗೆ ತಳ ಕಾಣದ ಗೋಡೆಯಾಗಿ ಇಳಿಯುತ್ತದೆ. ಮುಳುಗುವವರು ಸತ್ತ ಹವಳಕ್ಕೆ ಕಬ್ಬಿಣದ ಕೊಕ್ಕೆ ಸಿಕ್ಕಿಸಿ, ಅದರ ಹಗ್ಗ ಹಿಡಿದು, ಹರಿವಿನಲ್ಲಿ ಗಾಳಿಪಟದಂತೆ ತೇಲುತ್ತ ಶಾರ್ಕುಗಳನ್ನು ನೋಡುತ್ತಾರೆ. ಆಮೇಲೆ ಕೊಕ್ಕೆ ಬಿಡಿಸಿ, ನೀರು ಒಯ್ದಲ್ಲಿಗೆ ಹೋಗಿ ಮೇಲೇಳುತ್ತಾರೆ. ಅವರು ಏಳುವ ಕಡೆ ದೋಣಿ ಇರಬೇಕು. ಇಲ್ಲದಿದ್ದರೆ ದಕ್ಷಿಣಕ್ಕೆ ಮುಂದಿನ ದೊಡ್ಡ ನೆಲ ನ್ಯೂಗಿನಿಯದು, ಐನೂರು ಮೈಲಿ ದೂರ.

ಆದ್ದರಿಂದ ಎಲ್ಲ ಗೈಡುಗಳೂ ಇಳಿಯುವ ಮೊದಲು ಮಾಸ್ಕ್ ಹಾಕಿ ನೀರಿಗೆ ಮುಖ ಅದ್ದಿ ನೋಡುತ್ತಾರೆ. ಮೀನುಗಳು ಹರಿವಿಗೆ ಎದುರಾಗಿ ಮೂತಿ ಮಾಡಿ ನಿಂತಿರುತ್ತವೆ. ಅವು ಎತ್ತ ನೋಡುತ್ತವೋ ನೀರು ಅತ್ತಲಿಂದ ಬರುತ್ತಿದೆ ಎಂದರ್ಥ. ಒಂದು ನಿಮಿಷದ ಕೆಲಸ. ಸ್ಕೆಬೊಂಗನ ತಂಗಿಯ ಮಗಳು ಎಬಿಲ್ ನಾಲ್ಕು ವರ್ಷದಿಂದ ಗೈಡಾಗಿದ್ದಳು. ಬೇರೆಯವರ ದೋಣಿಯಲ್ಲಿ ಅವಳೂ ಹಾಗೆ ನೋಡುತ್ತಿದ್ದಳು. ಮಾವನ ದೋಣಿಯಲ್ಲಿ ಮಾತ್ರ ಇಲ್ಲ. ಸೋದರಮಾವ ಹೇಳಿದ ಮಾತನ್ನು ಹೊರಗಿನವರ ಮುಂದೆ ಪರೀಕ್ಷಿಸುವುದೆಂದರೆ ಅವನ ಮುಖಕ್ಕೆ ಹೊಡೆದಂತೆ.

ಆದರೂ ಆ ದಿನ ಅವಳು ಕೇಳಿದಳು. “ಮಾವ, ಮೂರು ದಿನದಿಂದ ಪಶ್ಚಿಮದ ಗಾಳಿ. ಒಂದ್ಸಲ ಮುಖ ಅದ್ದಿ ನೋಡ್ಬಿಡ್ಲಾ?”

“ಯಾಕೆ, ಬೆಳಿಗ್ಗೆ ಮುಖ ತೊಳ್ಕೊಂಡಿಲ್ವಾ?”

ತೈವಾನಿನಿಂದ ಬಂದಿದ್ದ ನಾಲ್ವರು ಅತಿಥಿಗಳು, ಅವನು ನಕ್ಕದ್ದನ್ನು ನೋಡಿ ತಾವೂ ನಕ್ಕರು.

“ಹಾಗಲ್ಲ ಮಾವ, ಗಾಳಿಗೆ ನೀರು ಬೇಗ ತಿರುಗಿದ್ರೆ...”

“ನಿಮ್ಮಮ್ಮನಿಗೆ ಈಜು ಕಲಿಸ್ದೋನು ನಾನು. ನೀರು ಉತ್ತರಕ್ಕೆ ಹೋಗ್ತಿದೆ, ಇನ್ನೆರಡು ಗಂಟೆ ಹಾಗೇ ಹೋಗತ್ತೆ. ಇಳಿ.”

ಎಬಿಲ್ ಮಾಸ್ಕ್ ಹಾಕಿಕೊಂಡು ಹಿಮ್ಮುಖವಾಗಿ ನೀರಿಗೆ ಬಿದ್ದಳು. ಅವಳ ಹಿಂದೆ ನಾಲ್ವರೂ ಬಿದ್ದರು.

ಸ್ಕೆಬೊಂಗ್ ದೋಣಿಯನ್ನು ಮೂಲೆಯ ಉತ್ತರಕ್ಕೆ ಒಯ್ದು ಇಂಜಿನ್ ನಿಲ್ಲಿಸಿದ. ಬುಟ್ಟಿಯಿಂದ ಹಸಿ ಅಡಿಕೆ ತೆಗೆದು, ಸುಣ್ಣ ಉದುರಿಸಿ, ಎಲೆ ಸುತ್ತಿ ಬಾಯಿಗಿಟ್ಟುಕೊಂಡ. ಐವತ್ತು ನಿಮಿಷಕ್ಕೆ, ಏಳುವ ಜಾಗ ತೋರಿಸಲು ಅವರು ಬಿಡುವ ಕಿತ್ತಳೆ ಬಣ್ಣದ ಗಾಳಿಚೀಲ ನೀರಿನ ಮೇಲೆ ನೆಟ್ಟಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಐವತ್ತೈದಾಯಿತು. ಬಾಯಲ್ಲಿ ಅಡಿಕೆ ಹುಲ್ಲಿನಂತಾಯಿತು. ಒಂದು ಗಂಟೆಯಾಯಿತು. ಅಷ್ಟು ಆಳದಲ್ಲಿ ಒಂದು ಗಂಟೆಗೂ ಮೀರಿ ಯಾರ ಸಿಲಿಂಡರಿನ ಗಾಳಿಯೂ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಆಗ ಬೆಸೆಬೆಸನ ದೋಣಿ ಹತ್ತಿರ ಬಂತು. ಅವನು ಬಾಯಿಬಡುಕ, ಆದರೆ ಒಳ್ಳೆಯ ದೋಣಿಗಾರ.

“ಏನ್ ಯಜಮಾನ್ರೇ, ಇಲ್ಲಿ ಲಂಗರು ಹಾಕಿ ನಿದ್ದೆ ಮಾಡ್ತಿದ್ದೀರಾ?”

“ನನ್ನ ಜನ ಬರ್ತಾರೆ. ನಿನ್ನ ಜನಾನ ನೀನು ನೋಡ್ಕೋ.”

“ನಮ್ಮೋರು ಅರ್ಧ ಗಂಟೆಗೇ ಎದ್ದುಬಿಟ್ರು. ನೀರು ತಿರುಗ್ತು, ದಕ್ಷಿಣಕ್ಕೆ ಎಳೀತು ಅಂದ್ರು.”

“ತಿರುಗೋಕೆ ಇನ್ನೂ ಒಂದು ಗಂಟೆ ಇದೆ.”

ಅದನ್ನು ಅವನ ಬಾಯಿ ಹೇಳಿತು. ಕಣ್ಣು ಆಗಲೇ ದಕ್ಷಿಣಕ್ಕೆ ತಿರುಗಿತ್ತು. ಹಿರಿಯನ ಜೊತೆ ವಾದವೇಕೆಂದು ಬೆಸೆಬೆಸ್ ಮೂಲೆಯ ದಕ್ಷಿಣಕ್ಕೆ ಹೊರಟುಹೋದ.

ರೇಡಿಯೋ ಕೈಯಳತೆಯಲ್ಲೇ ಇತ್ತು. ಗುಂಡಿ ಒತ್ತಿ ‘ಜನ ಕಾಣುತ್ತಿಲ್ಲ’ ಎಂದರೆ ಕೊರೋರಿನ ಅರ್ಧ ಊರು ಕೇಳುತ್ತದೆ. ಅಂಚೆಕಚೇರಿಯಲ್ಲಿ ಕೂತ ಅವನ ತಂಗಿ ದಿಲುಬೆಚ್‌ಗೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಅವನು ಗುಂಡಿ ಒತ್ತಲಿಲ್ಲ. ಇಂಜಿನ್ ಹಚ್ಚಿ ಉತ್ತರಕ್ಕೇ ಹುಡುಕಲು ಹೊರಟ. ದಕ್ಷಿಣಕ್ಕೆ ಹೋದರೆ ಬೆಸೆಬೆಸನ ಕಣ್ಣಿಗೆ ಬೀಳುತ್ತಿದ್ದ. ಬಿಳಿಯದೊಂದು ಕಂಡಿತು, ಗುಳ್ಳೆಗಳೆಂದುಕೊಂಡ. ಒಡೆದ ಅಲೆ. ಕಿತ್ತಳೆಯದೊಂದು ಕಂಡಿತು. ಯಾರೋ ಕಳೆದುಕೊಂಡ, ಬಲೆ ತೇಲಿಸುವ ಚೆಂಡು. ಹೀಗೆ ಹತ್ತು ನಿಮಿಷ ಹೋಯಿತು. ಆ ಹತ್ತು ನಿಮಿಷವನ್ನು ಯಾರೂ ಅವನಿಗೆ ಮನ್ನಿಸಬೇಕಾಗಿಲ್ಲ.

ದಿಬ್ಬದ ನೆತ್ತಿಯ ಮೇಲೆ ನೀರು ಆಳವಿರಲಿಲ್ಲ, ತಿಳಿಯಾಗಿತ್ತು. ದೋಣಿ ತಿರುಗಿಸುವಾಗ ಕೆಳಗೆ ಕಣ್ಣು ಹೋಯಿತು. ನೂರಾರು ಹಳದಿ ಮೀನುಗಳು, ಒಂದೂ ತಪ್ಪದೆ ಉತ್ತರಕ್ಕೆ ಮೂತಿ ಮಾಡಿ ನಿಂತಿದ್ದವು. ನೀರು ದಕ್ಷಿಣಕ್ಕೆ ಹೋಗುತ್ತಿತ್ತು. ಎಷ್ಟು ಹೊತ್ತಿನಿಂದಲೋ.

ಅವನು ಗುಂಡಿ ಒತ್ತಿದ.

“ಬೆಸೆಬೆಸ್. ನನ್ನ ಐದು ಜನ ಇಲ್ಲ. ದಕ್ಷಿಣಕ್ಕೆ ಹೋಗಿದ್ದಾರೆ.”

“ಎಬಿಲ್ ಕೂಡ?”

“ಅವಳೂ.”

ಬೆಸೆಬೆಸ್ ಈ ಸಲ ತಮಾಷೆ ಮಾಡಲಿಲ್ಲ. ಹತ್ತಿರದಲ್ಲಿದ್ದ ಇನ್ನೊಂದು ದೋಣಿಯೂ ಸೇರಿ ಮೂರು ದೋಣಿಗಳು ಸಾಲಾಗಿ ದಕ್ಷಿಣಕ್ಕೆ ಹರಡಿಕೊಂಡವು. ತೆರೆದ ಸಮುದ್ರದಲ್ಲಿ ಮನುಷ್ಯನ ತಲೆ ತೇಲುವ ತೆಂಗಿನಕಾಯಿಗಿಂತ ದೊಡ್ಡದಲ್ಲ, ಅಲೆ ಎದ್ದಾಗ ಅದೂ ಇಲ್ಲ. ಸ್ಕೆಬೊಂಗ್ ನಿಂತೇ ದೋಣಿ ನಡೆಸಿದ. ಅವನ ಜನರಲ್ಲಿ ವಂಶ ಹೆಣ್ಣಿನಿಂದ ಬೆಳೆಯುತ್ತದೆ. ಅವನ ಸ್ವಂತ ಮಕ್ಕಳು ಅವರ ತಾಯಿಯ ಮನೆಯವರು, ಎಬಿಲ್ ಅವನ ಮನೆಯವಳು. ತಂಗಿಯ ಹೊಸ್ತಿಲಲ್ಲಿ ನಿಂತು ಮೊದಲು ಹೇಳಬೇಕಾದ ಮಾತನ್ನು ಹುಡುಕಿದ, ಸಿಗಲಿಲ್ಲ. ಪಶ್ಚಿಮದಿಂದ ಮಳೆಯೊಂದು ಬೂದಿ ಬಣ್ಣದ ಪರದೆಯಂತೆ ಬಂದು ಎಲ್ಲವನ್ನೂ ಮುಚ್ಚಿತು. ದೋಣಿಯ ಮೂತಿಯೇ ಕಾಣಲಿಲ್ಲ. ಅವರ ಮೇಲೆಯೇ ಹಾಯಿಸಿಬಿಟ್ಟೇನೆಂದು ಅವನು ಇಂಜಿನ್ ನಿಲ್ಲಿಸಿ, ಅವರು ಊದಬಹುದಾದ ಸೀಟಿಯ ಸದ್ದಿಗಾಗಿ ಕಿವಿಗೊಟ್ಟು ನಿಂತ. ನೀರಿನ ಮೇಲೆ ಮಳೆ ಬೀಳುವ ಸದ್ದೊಂದೇ ಇತ್ತು.

ಎರಡು ಗಂಟೆ ಕಳೆದ ಮೇಲೆ ರೇಡಿಯೋ ಗೊರಗುಟ್ಟಿತು. “ಸಿಕ್ಕಿದ್ರು, ಯಜಮಾನ್ರೇ!”

“ಎಷ್ಟು ಜನ?”

“ನಾಲ್ಕು... ತಡೀರಿ, ತಡೀರಿ. ಐದು. ಒಬ್ಬಳು ಹಿಂದುಗಡೆ ಇದ್ಳು. ಐದು.”

ಸ್ಕೆಬೊಂಗ್ ಮಳೆನೀರು ತುಂಬಿದ ಹಲಗೆಯ ಮೇಲೆ ಕೂತುಬಿಟ್ಟ.

ಕಟ್ಟೆಯಲ್ಲಿ ಎಲ್ಲ ತಿಳಿಯಿತು. ನೀರು ತಿರುಗಿದಾಗ ಒಬ್ಬ ಅತಿಥಿಯ ಕೊಕ್ಕೆ ಕಳಚಿ ಅವನು ಕೊಚ್ಚಿಹೋದ. ಅವನೊಬ್ಬನನ್ನೇ ಬಿಡಬಾರದೆಂದು ಎಬಿಲ್ ಉಳಿದ ಮೂವರ ಕೊಕ್ಕೆಯನ್ನೂ ಬಿಡಿಸಿ ಅವನ ಹಿಂದೆ ಹೋಗಿದ್ದಳು. ಮೇಲೆ ಬಂದಮೇಲೆ ತನ್ನನ್ನೂ ಸೇರಿಸಿ ಐವರನ್ನೂ ಕೊಕ್ಕೆಯ ಹಗ್ಗದಿಂದ ಒಟ್ಟಿಗೆ ಕಟ್ಟಿದ್ದಳು.

“ಹೀಗ್ಯಾಕಾಯ್ತು?” ಎಂದು ಅವರೆಲ್ಲ ಕೆಲಸ ಮಾಡುವ ದೋಣಿಗಳ ಮಾಲೀಕ ಕೇಳಿದ.

“ತಪ್ಪು ನಂದು. ನೀರು ನೋಡ್ದೆ ಇಳಿದೆ,” ಎಂದಳು ಎಬಿಲ್. ಉಪ್ಪುನೀರಿನಿಂದ ಅವಳ ತುಟಿ ಒಡೆದಿತ್ತು.

ಎರಡು ಹೆಜ್ಜೆ ದೂರದಲ್ಲಿ ಸ್ಕೆಬೊಂಗ್ ಹಗ್ಗ ಸುತ್ತುತ್ತಿದ್ದ. ಎಲ್ಲ ಕೇಳಿಸಿಕೊಂಡ. ಬಾಯಿ ಬಿಡಲಿಲ್ಲ. ಸಂಜೆಯೊಳಗೆ ಊರಿಗೆಲ್ಲ ಅವಳ ತಪ್ಪೆಂದೇ ಗೊತ್ತಾಯಿತು. ಅದನ್ನೂ ಅವನು ತಿದ್ದಲಿಲ್ಲ. ಅವನನ್ನು ಸೊಕ್ಕಿನವನೆನ್ನಲು ಇಷ್ಟು ಸಾಕು.

ನಾಲ್ಕನೆಯ ದಿನ ಮತ್ತೆ ಮೂಲೆಗೆ ಹೋಗಬೇಕಾಯಿತು. ಹೊಸ ಅತಿಥಿಗಳು ಆರು ಜನ. ಆ ಬೆಳಿಗ್ಗೆ ಅವನು ಕಟ್ಟೆಯ ಮೇಲೆ ನೀರಿನ ವಿಷಯ ಏನನ್ನೂ ಹೇಳಿರಲಿಲ್ಲ. ಮೂಲೆಯಲ್ಲಿ ಬೆಸೆಬೆಸನ ದೋಣಿಯೂ ಪಕ್ಕದಲ್ಲೇ ಬಂದು ನಿಂತಿತು. ಎಬಿಲ್ ಮಾಸ್ಕ್ ಕೈಗೆತ್ತಿಕೊಂಡಳು, ಮಾವನ ಕಡೆ ನೋಡಿದಳು, ಮತ್ತೆ ಕೆಳಗಿಳಿಸಿದಳು.

ಸ್ಕೆಬೊಂಗ್ ಟೋಪಿ ತೆಗೆದು ಅಡಿಕೆಬುಟ್ಟಿಯ ಮೇಲಿಟ್ಟ. ದೋಣಿಯ ಅಂಚಿನಲ್ಲಿ ಮಂಡಿಯೂರಿ, ಅವಳತ್ತ ತಿರುಗದೆಯೇ ಕೈ ಚಾಚಿದ. ಅವಳು ಮಾಸ್ಕ್ ಕೊಟ್ಟಳು.

“ಏನ್ ಯಜಮಾನ್ರೇ, ಏನಾದ್ರೂ ಬಿದ್ದೋಯ್ತಾ?” ಎಂದು ಆಚೆ ದೋಣಿಯಿಂದ ಬೆಸೆಬೆಸ್ ಕೂಗಿದ. ಎರಡೂ ದೋಣಿಯವರು ತಿರುಗಿ ನೋಡಿದರು.

ಅವನು ಕಿವಿಯವರೆಗೂ ಮುಖವನ್ನು ನೀರಿನಲ್ಲಿ ಅದ್ದಿ, ಉಸಿರು ಮುಗಿಯುವ ತನಕ ಹಾಗೇ ಇದ್ದ. ಎದ್ದಾಗ ಬಿಳಿಗೂದಲಿನಿಂದ ನೀರು ಅಂಗಿಯ ಮೇಲೆ ಸುರಿಯುತ್ತಿತ್ತು. ಮಾಸ್ಕನ್ನು ಅವಳಿಗೆ ಹಿಂದಕ್ಕೆ ಕೊಟ್ಟ.

“ನನಗೇನೋ ಉತ್ತರಕ್ಕೆ ಅನ್ಸತ್ತೆ,” ಎಂದ, ಎಲ್ಲರಿಗೂ ಕೇಳುವಂತೆ. “ನೀನೂ ನೋಡು.”