ಬಾಗಿಲ ಪಕ್ಕದ ಖಾಲಿ ನೆಲ

ಬೆಳಕು ಹರಿಯುವ ಹೊತ್ತಿಗೆ ವೈನಿಕುರಾ ಗ್ರಾಮದ ಚಿಕಿತ್ಸಾಲಯದ ಅಂಗಳವನ್ನು ಕೆಲೆರಾ ಗುಡಿಸುತ್ತಿದ್ದಾಳೆ. ಹಿತ್ತಲಲ್ಲಿ ಇನ್ನೂರ ಹದಿನೇಳು ತೆಂಗಿನ ಮರಗಳಿವೆ. ಒಂದೊಂದರ ಬುಡದಲ್ಲೂ ಈ ಊರಿನ ಒಂದು ಮಗುವಿನ ಹೊಕ್ಕುಳಬಳ್ಳಿ ಮಣ್ಣಾಗಿದೆ. ಅಷ್ಟೂ ಹೆರಿಗೆ ಮಾಡಿಸಿದವಳು ಕೆಲೆರಾಳ ತಾಯಿ, ನರ್ಸ್ ವಿಲಿಮೈನಾ. ಆಕೆ ತೀರಿಕೊಂಡು ಇಂದಿಗೆ ನೂರು ದಿನ. ಫಿಜಿಯ ಈ ದಡದಲ್ಲಿ ಶೋಕದ ಕಪ್ಪು ಬಟ್ಟೆ ಕಳಚುವ ದಿನ.

"ಬಾಗಿಲ ಹತ್ರ ಏನು ಗುಡಿಸ್ತೀಯೇ? ನಿಮ್ಮಮ್ಮ ಅಲ್ಲಿ ಹುಲ್ಲು ಹುಟ್ಟೋಕೂ ಬಿಟ್ಟಿಲ್ಲ," ಎನ್ನುತ್ತಾಳೆ ನೆರೆಮನೆಯ ಮಾಕೆರೆತಾ. ಹೆರಿಗೆಗಳಲ್ಲಿ ವಿಲಿಮೈನಾಳ ಬಲಗೈಯಾಗಿದ್ದ ಮುದುಕಿ ಆಕೆ.

ವಿಲಿಮೈನಾ ದೂರದ ದ್ವೀಪದವಳು. ಎರಡು ವರ್ಷದ ಮಟ್ಟಿಗೆ ಕೆಲಸಕ್ಕೆಂದು ಬಸುರಿಯಾಗಿದ್ದಾಗ ಬಂದವಳು ಮೂವತ್ತೊಂದು ವರ್ಷ ಉಳಿದಳು. ಸರಕು ಹಡಗಿನಲ್ಲಿದ್ದ ಗಂಡನನ್ನು ಕಡಲು ನುಂಗಿದಾಗ ಕೆಲೆರಾಗೆ ಮೂರು ವರ್ಷ. ನರ್ಸ್ ಆಗಿ ವಿಲಿಮೈನಾಳ ಪಾಲಿಗಿದ್ದದ್ದು ಹನ್ನೊಂದು ಊರು, ಓಡಾಟಕ್ಕೆ ಒಂದು ದೋಣಿ.

ಅಲೆಯೆದ್ದ ದಿನವೊಂದರಲ್ಲಿ ಆಕೆ ಎಳೆಗೂಸಾಗಿದ್ದ ಕೆಲೆರಾಳೊಂದಿಗೆ ಆಚೆ ದ್ವೀಪದ ಹೆರಿಗೆಗೆ ಹೋದ ಪ್ರಸಂಗವನ್ನು ಊರಿನ ಮೂವರು ಮೂರು ಬಗೆಯಾಗಿ ಹೇಳುತ್ತಾರೆ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡಿದ್ದಳೆಂದು ಒಬ್ಬರು, ಮೀನಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದಳೆಂದು ಇನ್ನೊಬ್ಬರು, ದೋಣಿಯವನ ಮಡಿಲಲ್ಲಿತ್ತೆಂದು ಮತ್ತೊಬ್ಬರು. ದಡ ಸೇರಿದೊಡನೆ ಹೆರುವವಳ ನಾಡಿ ಹಿಡಿದು, ಆಮೇಲಷ್ಟೇ ತನ್ನ ಕೂಸಿಗೆ ಹಾಲೂಡಿಸಿದಳೆಂಬಲ್ಲಿ ಮಾತ್ರ ಮೂವರೂ ಒಂದೇ.

"ಹಸಿದು ಕಿರುಚ್ತಿದ್ದೆನಂತೆ. ಈಗ್ಲೂ ಒಂಚೂರು ಕೋಪ ಇದೆ," ಎಂದು ಕೆಲೆರಾ ನಗುತ್ತಾಳೆ. ಇದೇ ಚಿಕಿತ್ಸಾಲಯದಲ್ಲಿ ಈಗ ಅವಳೇ ನರ್ಸ್.

ಅವಳ ಹೊಕ್ಕುಳಬಳ್ಳಿ ಮಾತ್ರ ಇನ್ನೂ ಮಣ್ಣು ಕಂಡಿಲ್ಲ. ಹತ್ತಿಯಲ್ಲಿ ಸುತ್ತಿ ಇಟ್ಟದ್ದು ಸಣ್ಣ ತಗಡಿನ ಡಬ್ಬಿಯಲ್ಲಿದೆ. ಹೂಳದ ಬಳ್ಳಿಯ ಮಗು ನಿಂತಲ್ಲಿ ನಿಲ್ಲದೆಂಬುದು ಇಲ್ಲಿನ ನಂಬಿಕೆ. "ಕಾಲಿಗೆ ಚಕ್ರ ಇದೆಯೇನೇ, ನೆಲ ಸಿಗದವಳೇ!" ಎಂದು ಊರು ಅವಳನ್ನು ಕಾಡಿಸುತ್ತಲೇ ಬೆಳೆಸಿತು.

ನೆಲ ಊರಿನದು. ಹೊರಗಿನವಳು ಕೇಳಿ ಪಡೆಯಬೇಕು. ಇಲ್ಲಿ ಬಾಯಿಬಿಟ್ಟು ಕೇಳಿದ್ದಕ್ಕೆ ಇಲ್ಲವೆನ್ನುವ ಪದ್ಧತಿಯಿಲ್ಲ. ವಿಲಿಮೈನಾಳ ಸಂಕೋಚಕ್ಕೆ ಕಾರಣವೂ ಅದೇ. "'ಇಲ್ಲ ಅನ್ನೋಕಾಗದವರ ಹತ್ರ ಕೇಳಬಾರದು ಮಗಳೇ' ಅಂತಿದ್ಲು," ಎನ್ನುತ್ತಾಳೆ ಕೆಲೆರಾ. ಆದರೂ ಆ ತಾಯಿ ಬಾಗಿಲ ಪಕ್ಕದ ಅಷ್ಟು ನೆಲವನ್ನು ದಿನವೂ ಕಳೆ ಕಿತ್ತು ಹಸನಾಗಿಟ್ಟಳು. ಊರೆಲ್ಲ ನೋಡಿತು. ಯಾರೂ ಬಾಯಿ ಬಿಡಲಿಲ್ಲ.

"ನಾವಾಗೇ ಕೊಟ್ರೆ 'ಇಲ್ಲೇ ಬಿದ್ದಿರು' ಅಂತ ಕಟ್ಟಿಹಾಕಿದ ಹಾಗಲ್ವಾ?" ಎನ್ನುತ್ತಾನೆ ಊರ ಯಜಮಾನ ಇನೋಕೆ. "ಅವಳೇ ಕೇಳ್ಲಿ ಅಂತ ಕಾದ್ವಿ."

ಇಂದು ಕೆಲೆರಾಳ ಸೋದರಮಾವ ತಿಮಿಂಗಿಲದ ಹಲ್ಲು ಹಿಡಿದು ಬಂದಿದ್ದಾನೆ. ಡಬ್ಬಿಯನ್ನೂ ಸೋದರಸೊಸೆಯನ್ನೂ ತನ್ನ ದ್ವೀಪಕ್ಕೆ ಕರೆದೊಯ್ಯುವ ಕೋರಿಕೆ ಅದು. ಒಮ್ಮೆ ಆತ ಅದನ್ನು ಚಾಪೆಯ ಮೇಲಿಟ್ಟರೆ ಅವಳು ಒಲ್ಲೆ ಎನ್ನಲಾಗದು. ಹೆಂಗಸರು ಅವಳ ಕಪ್ಪು ಬಟ್ಟೆ ಕಳಚಿಸಿ ಹೂವಿನ ಬಟ್ಟೆ ಉಡಿಸುತ್ತಾರೆ. ಮಾವ ಗಂಟಲು ಸರಿಮಾಡಿಕೊಳ್ಳುತ್ತಿರುವಾಗಲೇ ಕೆಲೆರಾ ಮೊಣಕಾಲೂರಿ ಇನೋಕೆಯ ಎದುರು ಕೂರುತ್ತಾಳೆ.

"ದೊಡ್ಡಪ್ಪಾ, ಬಾಗಿಲ ಪಕ್ಕ ಒಂದು ಗುಂಡಿಯಷ್ಟು ಜಾಗ ಕೊಡಿ."

ಇನೋಕೆ ಅಂಗೈಯಿಂದ ಕಣ್ಣೊರೆಸಿಕೊಳ್ಳುತ್ತಾನೆ. "ಇಷ್ಟು ಕೇಳೋಕೆ ತಾಯಿ ಮಗಳಿಗೆ ಮೂವತ್ತೊಂದು ವರ್ಷ ಬೇಕಾಯ್ತೇನಮ್ಮಾ?"

ಮಾವ ಹಲ್ಲನ್ನು ಮರಳಿ ಬಟ್ಟೆಯಲ್ಲಿ ಸುತ್ತುತ್ತಾನೆ. ಗುಂಡಿ ತೋಡಲು ಮೊದಲು ಗುದ್ದಲಿ ಹಿಡಿಯುವವನೂ ಅವನೇ.

ಬಳ್ಳಿ ಹೂತು ಮೇಲೆ ನೆಟ್ಟ ತೆಂಗಿನ ಸಸಿಗೆ ನೀರೆರೆದು ಮಾಕೆರೆತಾ ಚಾಪೆ ತಟ್ಟುತ್ತಾಳೆ. "ಬಾರೇ. ಕಾಲಿಗೆ ನೆಲ ಸಿಕ್ತಲ್ಲ, ಇನ್ನಾದ್ರೂ ಒಂದು ಕಡೆ ಕೂತ್ಕೋ."

ಅಷ್ಟರಲ್ಲಿ ಫೋನು ಬರುತ್ತದೆ. ಆಚೆ ದ್ವೀಪದಲ್ಲಿ ಚೊಚ್ಚಲ ಬಸುರಿಗೆ ನೋವು ಶುರುವಾಗಿದೆ. ಕೆಲೆರಾ ತಾಯಿಯ ಚೀಲ ಹೆಗಲಿಗೇರಿಸಿಕೊಳ್ಳುತ್ತಾಳೆ.

"ಕೂರ್ತೀನಿ ಅಜ್ಜಿ," ಎನ್ನುತ್ತಾಳೆ, ದೋಣಿಯತ್ತ ನಡೆಯುತ್ತಲೇ. "ಹೋಗಿ ಬಂದು."