ಅಳಿಯಂದಿರ ಮೇಲಿನ ಹಳದಿ ಚುಕ್ಕೆ

ನಮ್ಮಣ್ಣ ವಾಹನ ತಪಾಸಣೆಯ ಇನ್‌ಸ್ಪೆಕ್ಟರ್. ಊರಿನ ಡ್ರೈವರುಗಳೆಲ್ಲ ಸೇರಿ ಅವನಿಗೆ ‘ಆರು ತಿಂಗಳು’ ಎಂದು ಹೆಸರಿಟ್ಟಿದ್ದಾರೆ. ಬಾಡಿಗೆ ವಾಹನಗಳಿಗೆ ವರ್ಷಕ್ಕೊಂದು ತಪಾಸಣೆ ಸಾಕು ಎನ್ನುತ್ತದೆ ನಿಯಮ. ಸಾಲದು, ಆರು ತಿಂಗಳಿಗೊಂದು ಆಗಲೇಬೇಕು ಎನ್ನುತ್ತಾನೆ ಅಣ್ಣ. ಮೂವತ್ತು ವರ್ಷದಿಂದ ಇದನ್ನೇ ಮೇಲಿನ ಕಚೇರಿಗೆ ಬರೆಯುತ್ತಿದ್ದಾನೆ. ‘ಪರಿಶೀಲನೆಯಲ್ಲಿದೆ’ ಎಂದು ಅಲ್ಲಿಂದಲೂ ತಪ್ಪದೆ ಉತ್ತರ ಬರುತ್ತಿದೆ.

ಮನೆಯಲ್ಲಿ ಮೇಲಿನವರ ಅಪ್ಪಣೆ ಬೇಕಿಲ್ಲವಲ್ಲ, ಅಲ್ಲಿ ಅವನದೇ ಕಾನೂನು. ಏಣಿ, ಗ್ಯಾಸಿನ ಕೊಳವೆ, ಫ್ಯಾನಿನ ತಿರುಪು, ಮಂಚದ ಕಾಲು ಎಲ್ಲಕ್ಕೂ ಅರ್ಧ ವರ್ಷಕ್ಕೊಂದು ತಪಾಸಣೆ. ಪಾಸಾದದ್ದರ ಮೇಲೆ ಹಳದಿ ಬಣ್ಣದ ಒಂದು ಚುಕ್ಕೆ. ಒಮ್ಮೆ ಅಡುಗೆಮನೆಯ ಕುರ್ಚಿ ಅಲ್ಲಾಡುತ್ತದೆಂದು ಅದಕ್ಕೆ ‘ಅನರ್ಹ’ ಎಂದು ಚೀಟಿ ಅಂಟಿಸಿಬಿಟ್ಟ. ಅತ್ತಿಗೆ ನೋಡದೆ ಅದರ ಮೇಲೆ ಕೂತು, ಎದ್ದು, ಆ ಚೀಟಿಯನ್ನು ಬೆನ್ನ ಕೆಳಗೆ ಅಂಟಿಸಿಕೊಂಡೇ ಪೇಟೆಯೆಲ್ಲ ಸುತ್ತಿ ಬಂದಳು. ಆಮೇಲೆ ಮೂರು ದಿನ ಆ ಮನೆಯಲ್ಲಿ ಮಾತಿಲ್ಲ, ಕತೆಯಿಲ್ಲ.

ನಾನು ಶಾಲೆ ಮಕ್ಕಳ ವ್ಯಾನು ಓಡಿಸುತ್ತೇನೆ. ಮೊದಲು ನಮ್ಮೆಜಮಾನರು ಓಡಿಸುತ್ತಿದ್ದರು. ಅವರ ಸೊಂಟ ಕೈಕೊಟ್ಟ ಮೇಲೆ ಸ್ಟೇರಿಂಗು ನನ್ನ ಕೈಗೆ ಬಂತು. ಹದಿನಾಲ್ಕು ಮಕ್ಕಳು. ಆ ಹದಿನಾಲ್ಕು ಮಕ್ಕಳಿಂದಲೇ ನಮ್ಮ ಮನೆಯ ಒಲೆ ಉರಿಯುತ್ತದೆ.

ಈಗ ನಮ್ಮ ಡ್ರೈವರುಗಳ ಗುಟ್ಟೊಂದನ್ನು ಹೇಳಬೇಕು. ಪಂಕ್ಚರ್ ಅಂಗಡಿಯಲ್ಲಿ ನಾಲ್ಕು ಟೈರುಗಳಿದ್ದವು. ಹೆಚ್ಚು ಓಡದ, ಹಲ್ಲು ಸವೆಯದ ಟೈರುಗಳು. ತಪಾಸಣೆಯ ದಿನ ಬೆಳಿಗ್ಗೆ ನಿಮ್ಮ ವ್ಯಾನಿನ ಸವೆದ ಟೈರು ಬಿಚ್ಚಿ, ಇವನ್ನು ಹಾಕಿಕೊಂಡು ಹೋಗುವುದು. ಪಾಸಾದ ಮೇಲೆ ತಂದು ಕೊಟ್ಟು, ನಿಮ್ಮವನ್ನೇ ಮತ್ತೆ ಹಾಕಿಸಿಕೊಳ್ಳುವುದು. ಅವಕ್ಕೆ ನಾವು ‘ಅಳಿಯಂದಿರು’ ಎನ್ನುತ್ತಿದ್ದೆವು. ಒಂದು ದಿನ ಬರುತ್ತಾರೆ, ರಾಜಮರ್ಯಾದೆ ಮಾಡಿಸಿಕೊಳ್ಳುತ್ತಾರೆ, ಹೊರಟು ಹೋಗುತ್ತಾರೆ. “ಶುಕ್ರವಾರ ಅಳಿಯಂದಿರು ಬಿಡುವಾಗಿದಾರಾ?” ಎಂದು ಫೋನಿನಲ್ಲಿ ಕೇಳಿದರೆ ಸಾಕು, ಕೆಲಸ ಆದ ಹಾಗೆ.

ಆ ವರ್ಷ ರಜೆ ಮುಗಿದು ಸೋಮವಾರ ಶಾಲೆ ತೆರೆಯಬೇಕು. ನನ್ನ ವ್ಯಾನಿನ ಅರ್ಹತಾ ಪತ್ರ ಶನಿವಾರಕ್ಕೆ ಮುಗಿಯುತ್ತಿತ್ತು. “ಹೊಸ ಪತ್ರ ತರದಿದ್ರೆ ಮಕ್ಕಳನ್ನ ಬೇರೆ ವ್ಯಾನಿಗೆ ಹಾಕ್ತೀನಿ” ಎಂದು ಹೆಡ್‌ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು. ನನ್ನ ಟೈರುಗಳೋ, ಅಂಗೈಯಷ್ಟು ನುಣ್ಣಗಾಗಿದ್ದವು. ತಪಾಸಣೆ ಮಾಡುವವನು ಒಡಹುಟ್ಟಿದವನೇ ಆದರೂ ನನಗೆ ಧೈರ್ಯವಿರಲಿಲ್ಲ. ಅಲ್ಲ, ಒಡಹುಟ್ಟಿದವನಾದ್ದರಿಂದಲೇ ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ಅಳಿಯಂದಿರನ್ನು ಕರೆಸಿಕೊಂಡೆ.

ತಪಾಸಣೆಯ ಅಂಗಳದಲ್ಲಿ ಅಣ್ಣ ನನ್ನನ್ನು ಕಂಡವನೇ, “ವಾಹನದ ಮಾಲೀಕರು ಗೆರೆಯಾಚೆ ನಿಂತ್ಕೊಳ್ಳಿ” ಎಂದ. ಒಂದು ಗಂಟೆ ಮುಂಚೆ “ಏನೇ, ತಿಂಡಿ ಆಯ್ತಾ?” ಎಂದು ಫೋನು ಮಾಡಿದ ಬಾಯಿ ಅದೇ. ನನಗೆ ಮೈಯೆಲ್ಲ ಉರಿದುಹೋಯಿತು. ಅವನು ವ್ಯಾನಿನ ಕೆಳಗೆ ನುಸುಳಿದ, ಸುತ್ತಿಗೆಯಿಂದ ಕುಟ್ಟಿದ, ಹಾರ್ನು ಕೇಳಿದ, ಕಿವಿಗೆ ಸಾಲದೆಂಬಂತೆ ಇನ್ನೊಮ್ಮೆ ಕೇಳಿದ. ಕೊನೆಗೆ ಮುಂದಿನ ಎಡ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಟಾರ್ಚು ಹಾಕಿದ. ಎಷ್ಟು ಹೊತ್ತಾದರೂ ಏಳಲೇ ಇಲ್ಲ.

“ಮಾಲೀಕರು ಬನ್ನಿ ಇಲ್ಲಿ. ಎಣಿಸಿ.”

ಬಗ್ಗಿ ನೋಡಿದೆ. ಟೈರಿನ ಒಳಮೈಯಲ್ಲಿ ಸಾಲಾಗಿ ಹಳದಿ ಚುಕ್ಕೆಗಳು.

“ಹನ್ನೊಂದು,” ಎಂದೆ.

“ಪಾಸಾದ ಗಾಡಿಯ ಟೈರಿಗೆ ಒಂದೊಂದು ಚುಕ್ಕೆ ಇಡ್ತೀನಿ. ಮೊದಲ್ನೇದು ಬ್ರೆಡ್ ವ್ಯಾನು. ಎರಡ್ನೇದು ಹಾಲಿನ ವ್ಯಾನು. ಅವತ್ತೇ ನಂಗೆ ಗೊತ್ತಾಯ್ತು.”

“ಗೊತ್ತಿದ್ದೂ ಯಾಕೆ ಬಿಟ್ಟೆ?”

“ಮುಂದೆ ನಿಂತಿರೋ ಗಾಡಿಗೆ ಟೈರು ಚೆನ್ನಾಗಿದ್ರೆ ಪಾಸು. ನಿಯಮ ಅಷ್ಟೇ ಹೇಳತ್ತೆ. ನಾಳೆ ಯಾವ ಟೈರು ಇರತ್ತೆ ಅಂತ ಅದು ಕೇಳಲ್ಲ.”

ಹನ್ನೆರಡನೆಯ ಚುಕ್ಕೆ ಇಟ್ಟ. ಪತ್ರಕ್ಕೆ ಮೊಹರು ಒತ್ತಿದ. ಅದನ್ನು ನನ್ನ ಕೈಗೆ ಕೊಡುವಾಗ ಮಾತ್ರ ಮನೆಯ ಮಾತಿಗೆ ಇಳಿದ. “ಆರು ತಿಂಗಳಿಗೊಂದ್ಸಲ ಮಾಡಿ ಅಂತ ಮೂವತ್ತು ವರ್ಷ ಬಡ್ಕೊಂಡೆ ಕಣೇ. ಮಾಡಿದ್ರೂ ಏನಾಗತ್ತೆ? ಇವೇ ನಾಲ್ಕು ಟೈರು ವರ್ಷಕ್ಕೆ ಎರಡು ಸಲ ಬಂದು ಹೋಗ್ತವೆ. ಬೇರೆಯವರು ತರ್ತಾರೆ, ಸರಿ. ನೀನೂ ತರ್ತೀಯ ಅಂತ ಅಂದ್ಕೊಂಡಿರ್ಲಿಲ್ಲ.”

ಅವನು ಕೂಗಾಡಿದ್ದರೆ ನಾನೂ ಕೂಗಾಡಿ ಗೆದ್ದು ಬರುತ್ತಿದ್ದೆ. ಕೂಗಲಿಲ್ಲ. ಪಾಸಾದ ಪತ್ರ ಹಿಡಿದುಕೊಂಡು ನಾಚಿಕೆಯಿಂದ ಭೂಮಿಗಿಳಿದುಹೋದೆ. ದಾರಿಯುದ್ದಕ್ಕೂ ನಿಯಮಕ್ಕೆ ಬೈದೆ, ಮೇಲಿನ ಕಚೇರಿಗೆ ಬೈದೆ, ಪಂಕ್ಚರ್ ಅಂಗಡಿಯವನಿಗೆ ಬೈದೆ. ಬೈಯಲು ಇನ್ಯಾರೂ ಉಳಿಯದಿದ್ದಾಗ ನನಗೇ ಬೈದುಕೊಂಡೆ.

ಅಂಗಡಿಯ ಮುಂದೆ ಲಾಂಡ್ರಿ ವ್ಯಾನಿನವನು ತುದಿಗಾಲಲ್ಲಿ ನಿಂತಿದ್ದ. “ಅಕ್ಕಾ, ಬೇಗ ಬಿಚ್ಸಿ. ಮಧ್ಯಾಹ್ನ ನಂದು ಪರೀಕ್ಷೆ.” ಪಂಕ್ಚರ್‌ನವನು ಜಾಕಿ ತಂದ. ಗೋಡೆಗೊರಗಿಸಿದ್ದ ನನ್ನ ಟೈರುಗಳನ್ನು ನೋಡಿದೆ. ಶಾಲೆಯ ಮುಂದಿನ ಇಳಿಜಾರು ನೆನಪಾಯಿತು. ಹಿಂದಿನ ಸೀಟಿನಲ್ಲಿ ಹಲ್ಲು ಬಿದ್ದ ಹುಡುಗಿ, ದಿನಾ ವಾಂತಿ ಮಾಡಿಕೊಳ್ಳುವ ಅವಳ ತಮ್ಮ.

“ಬಿಚ್ಬೇಡ,” ಎಂದೆ. “ಇವು ವ್ಯಾನಿನಲ್ಲೇ ಇರ್ಲಿ. ಬೆಲೆ ಹೇಳು.”

“ಅಳಿಯಂದಿರನ್ನ ಮಾರೋದುಂಟಾ ಅಕ್ಕಾ?”

“ನಾನು ಮನೆ ಅಳಿಯ ಮಾಡ್ಕೊಳ್ತೀನಿ. ನಿಂಗೇನು?”

ಅವನು ಒಪ್ಪಲಿಲ್ಲ. ಕತ್ತು ಹಿಡಿದು ಬಗ್ಗಿಸಿ ಚುಕ್ಕೆಗಳನ್ನು ತೋರಿಸಿದೆ. “‘ಆರು ತಿಂಗಳು’ ಎಲ್ಲಾ ಎಣಿಸಿಟ್ಟಿದಾನೆ.” ಪಂಕ್ಚರ್‌ನವನ ಮುಖ ಬಿಳಿಚಿಕೊಂಡಿತು, ತೆಪ್ಪಗೆ ಬೆಲೆ ಹೇಳಿದ. ಬಟ್ಟೆ ಒಗೆಯುವ ಯಂತ್ರಕ್ಕೆಂದು ಎತ್ತಿಟ್ಟಿದ್ದ ದುಡ್ಡು ಹೀಗೆ ಟೈರಿನ ಪಾಲಾಯಿತು. ಲಾಂಡ್ರಿಯವನು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತು, “ನನ್ ಗತಿ?” ಎಂದ. ನಾನು ವ್ಯಾನು ಹತ್ತಿದೆ. ಅವನು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮುಂದಿನ ಎರಡು ವಾರ ತಪಾಸಣೆಯ ಅಂಗಳದಲ್ಲಿ ಸಾಲುಸಾಲು ಫೇಲು. ಲಾಂಡ್ರಿ ವ್ಯಾನು ಎರಡು ಸಲ, ಮೊಟ್ಟೆ ವ್ಯಾನು ಮೂರು ಸಲ. ಕೊನೆಗೆ ಒಬ್ಬೊಬ್ಬರೇ ಹಲ್ಲು ಕಚ್ಚಿಕೊಂಡು ಹೊಸ ಟೈರು ಹಾಕಿಸಿದರು. ಸ್ಟ್ಯಾಂಡಿನಲ್ಲಿ ನನಗೆ ವ್ಯಾನು ನಿಲ್ಲಿಸಲು ಯಾರೂ ಜಾಗ ಬಿಡುತ್ತಿರಲಿಲ್ಲ. ನಾನು ರಸ್ತೆಯಾಚೆ ಬಿಸಿಲಿನಲ್ಲಿ ನಿಲ್ಲಿಸಿಕೊಳ್ಳುತ್ತಿದ್ದೆ.

ಒಂದು ಭಾನುವಾರ ಅಣ್ಣ ಮನೆಗೆ ಬಂದ. ಒಳಗೂ ಬರದೆ ಅಂಗಳದಲ್ಲೇ ನಿಂತು ಕೇಳಿದ: “ಈಗ ಬರೋ ಗಾಡಿಗಳಿಗೆಲ್ಲ ಸ್ವಂತ ಟೈರು. ಒಂದರಲ್ಲೂ ಹಳೇ ಚುಕ್ಕೆ ಇಲ್ಲ. ಆ ನಾಲ್ಕು ಎಲ್ಲಿಗೆ ಹೋದ್ವು?”

“ನಿನ್ನ ಎದುರಿಗೇ ಇವೆ ನೋಡು,” ಎಂದು ಅಲ್ಲೇ ನಿಂತಿದ್ದ ವ್ಯಾನಿನ ಕಡೆ ಕೈ ತೋರಿಸಿದೆ.

ಅವನು ಇಸ್ತ್ರಿ ಪ್ಯಾಂಟಿನಲ್ಲೇ ಮಣ್ಣಿಗೆ ಮಂಡಿಯೂರಿದ. ಬೆರಳಿಟ್ಟು ಹನ್ನೆರಡರವರೆಗೆ ಎಣಿಸಿದ. ಎದ್ದಾಗ ಕಣ್ಣು ಒದ್ದೆಯಾಗಿತ್ತು. “ನಾನು ಮೂವತ್ತು ವರ್ಷ ಕಾಗದ ಬರೆದೆ. ನೀನು ಒಂದು ದಿನದಲ್ಲಿ ಮುಗಿಸ್ಬಿಟ್ಯಲ್ಲೇ!” ಎಂದ. ಅದರಲ್ಲಿ ಸಂತೋಷವೆಷ್ಟು, ಹೊಟ್ಟೆಕಿಚ್ಚೆಷ್ಟು, ನನಗೆ ಗೊತ್ತಾಗಲಿಲ್ಲ.

“ನಿಂಗೆ ಹೆದರಿ ಮಾಡ್ಲಿಲ್ಲ,” ಎಂದೆ. “ಅವತ್ತು ನಿನ್ನ ಮುಖ ನೋಡಕ್ಕಾಗ್ಲಿಲ್ಲ.”

ಅಣ್ಣ ವ್ಯಾನಿನ ಬಾಗಿಲು ತೆಗೆದು ಒಳಗೆ ಹೋದ, ಮಕ್ಕಳ ಸೀಟೊಂದರಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಮುದುಡಿ ಕೂತ. “ಶಾಲೆವರೆಗೂ ಒಂದು ಸುತ್ತು ಹೋಗ್ಬರೋಣ, ನಡಿ,” ಎಂದ.